ಬೇಜಾರು ಎಂಬ ಒಂದು ಮಾತು

"ಬರೀ ಮಾತಿನಿಂದ ಮನಸ್ಸಿನ ನೋವು ಹೋಗುತ್ತದೆಯೇ ಮಾಷ್ಟ್ರೇ?" ಎಂದು ನನ್ನನ್ನು ಕೇಳಿದವರು ಅನೇಕರು. ಕನ್ನಡ ಮಾಧ್ಯಮದ ಶಾಲೆಯಲ್ಲಿ ಮೂರು ದಶಕ ಪಾಠ ಹೇಳಿ ನಿವೃತ್ತನಾದ ಮೇಲೆ ನಾನು ಆಪ್ತಸಮಾಲೋಚನೆಯ ತರಬೇತಿಗೆ ಸೇರಿದ್ದು ಮನೆಯವರಿಗೂ ನೆರೆಕರೆಯವರಿಗೂ ವಿನೋದದ ವಿಷಯವಾಗಿತ್ತು.

ಹಾಗೆ ನೋಡಿದರೆ ಮನಸ್ಸಿನ ಶಾಸ್ತ್ರ ಕನ್ನಡಕ್ಕೆ ಹೊಸತಲ್ಲ. 'ಕೊರವಂಜಿ' ಪತ್ರಿಕೆಯಿಂದ ನಾಡನ್ನು ನಗಿಸಿದ ರಾ.ಶಿ. ಅವರೇ ಡಾ. ಎಂ. ಶಿವರಾಂ ಆಗಿ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು. ನನ್ನ ಕುತೂಹಲ ಮೊಳೆತದ್ದು ಅಂಥ ಓದಿನಿಂದಲೇ. ತರಬೇತಿಯಲ್ಲಿ ಮಾತ್ರ ಪುಸ್ತಕಗಳು ಇಂಗ್ಲಿಷಿನವು, ವಿವರಣೆ ಮಲಯಾಳದಲ್ಲಿ, ನನ್ನ ಟಿಪ್ಪಣಿ ಕನ್ನಡದಲ್ಲಿ. ಗಡಿನಾಡಿನ ನಮಗೆ ಇದು ಹೊಸ ಅನುಭವವೇನೂ ಅಲ್ಲ.

ಮೊದಲು ಓದಿದ್ದು ಅಮೆರಿಕದ ಕಾರ್ಲ್ ರೋಜರ್ಸ್ ಅವರನ್ನು. 1957ರ ಒಂದು ಪ್ರಬಂಧದಲ್ಲಿ ಅವರು, ಮನುಷ್ಯನ ಮನಸ್ಸು ಬದಲಾಗಲು ಏನೇನು ಬೇಕು ಎಂಬುದನ್ನು ಪಟ್ಟಿ ಮಾಡಿದ್ದಾರೆ. ಅದರಲ್ಲಿ ಮೂರು ಸಂಗತಿಗಳು ಪ್ರಸಿದ್ಧ: ಕೇಳುವವನು ಒಳಗೂ ಹೊರಗೂ ಒಂದೇ ಆಗಿರಬೇಕು, ಬಂದವರನ್ನು ಷರತ್ತಿಲ್ಲದೆ ಸ್ವೀಕರಿಸಬೇಕು, ಅವರ ನೋವನ್ನು ಅವರ ಕಣ್ಣಿನಿಂದಲೇ ನೋಡಬೇಕು. ಓದಲು ಎಷ್ಟು ಸುಲಭ! ಆದರೆ ನಮ್ಮೂರಲ್ಲಿ ಒಬ್ಬರು ಮಾಷ್ಟ್ರ ಬಳಿಗೆ ಬರುವುದೇ ಬುದ್ಧಿಮಾತು ಕೇಳುವುದಕ್ಕೆ. ನಾನು ಸುಮ್ಮನೆ ಕೇಳಿಸಿಕೊಂಡರೆ, "ನೀವು ಏನೂ ಹೇಳಲೇ ಇಲ್ಲವಲ್ಲ" ಎನ್ನುತ್ತಾರೆ. ಉಪದೇಶವಂತೂ ನನ್ನ ನಾಲಗೆಯ ತುದಿಯಲ್ಲೇ ಇರುತ್ತದೆ. ಅದನ್ನು ಅಲ್ಲಿಯೇ ತಡೆದು, "ಮತ್ತೆ?" ಎಂದು ಕೇಳುವುದು ನನ್ನ ಮಟ್ಟಿಗೆ ದೊಡ್ಡ ಅಭ್ಯಾಸವೇ ಆಯಿತು. ಎದುರಿಗೆ ಕುಳಿತವರ ಮೌನವನ್ನೂ ಗಮನಿಸಬೇಕೆಂದು ಪಾಠವಿತ್ತು. ಆದರೆ ಹಿರಿಯರ ಮುಂದೆ ತಲೆ ತಗ್ಗಿಸಿ ಕುಳಿತುಕೊಳ್ಳುವುದು ನಮ್ಮ ಮಕ್ಕಳಿಗೆ ಮನೆಯಲ್ಲೇ ಕಲಿಸಿದ ಮರ್ಯಾದೆ. ಅದನ್ನು ಹಟವೆಂದು ತಿಳಿಯಬಾರದು.

ಇದಕ್ಕಿಂತ ಸೂಕ್ಷ್ಮವಾದದ್ದು ಪದಗಳ ವಿಚಾರ. ಬಂದವರ ಭಾವನೆಯನ್ನು ಅವರ ಮಾತಿನಲ್ಲೇ ಹಿಂತಿರುಗಿಸಿ ಹೇಳಬೇಕೆಂಬುದು ಒಂದು ಕ್ರಮ. ನಮ್ಮ ಜಿಲ್ಲೆಯಲ್ಲಿ ಅದು ಯಾರ ಮಾತು? 'ಬೇಜಾರು' ಎಂಬ ಪದವನ್ನೇ ತೆಗೆದುಕೊಳ್ಳಿ. ಕನ್ನಡ, ತುಳು ಮಾತಾಡುವ ನಮಗೆ ಅದು ದುಃಖ, ಇಲ್ಲವೇ ಮನಸ್ಸು ಬತ್ತಿದ ಸ್ಥಿತಿ. ಉತ್ತರ ಮಲಬಾರಿನ ಮಲಯಾಳದಲ್ಲಿ 'ಬೇಜಾರ್' ಎಂದರೆ ಗಾಬರಿ, ಕಳವಳ. 'ಸಂಕಟಂ' ಮಲಯಾಳದಲ್ಲಿ ದಿನನಿತ್ಯದ ದುಃಖ. ನಮ್ಮ ಅಜ್ಜಿಯಂದಿರು 'ಸಂಕಟ' ಎಂದರೆ ಅದು ಹೊಟ್ಟೆಯದೂ ಆಗಬಹುದು, ಎದೆಯದೂ ಆಗಬಹುದು, ಸಹಿಸಲಾರದ ಯಾತನೆಯೂ ಆಗಬಹುದು. ದುಃಖ ಬೇರೆ, ಕಳವಳ ಬೇರೆ. ಶಾಸ್ತ್ರದಲ್ಲಿ ಎರಡಕ್ಕೂ ದಾರಿ ಬೇರೆ. ಆದ್ದರಿಂದ ಯಾರಾದರೂ 'ಬೇಜಾರು' ಎಂದರೆ ನಾನು ಅದನ್ನು ಹಾಗೆಯೇ ಬರೆದುಕೊಂಡು, "ಬೇಜಾರು ಬಂದಾಗ ಎಂತ ಆಗುತ್ತದೆ?" ಎಂದು ಕೇಳುತ್ತೇನೆ. ಎದೆ ಹೊಡೆದುಕೊಳ್ಳುತ್ತದೆಯೋ, ಏಳುವುದೇ ಬೇಡವೆನಿಸುತ್ತದೆಯೋ ಎಂಬುದು ಆಗ ತಿಳಿಯುತ್ತದೆ.

ಒಬ್ಬ ಹುಡುಗನ ವಿಷಯ ಹೇಳಬೇಕು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಹತ್ತನೆಯ ತನಕ ಕನ್ನಡ ಮಾಧ್ಯಮದಲ್ಲಿ ಕಲಿತು, ಆರು ವಿಷಯಗಳಲ್ಲಿ ಎ ಪ್ಲಸ್ ಪಡೆದು, ದೂರದ ಶಾಲೆಯಲ್ಲಿ ಪ್ಲಸ್ ಟು ವಿಜ್ಞಾನಕ್ಕೆ ಸೇರಿದ್ದ. ಅಲ್ಲಿ ಪುಸ್ತಕ ಇಂಗ್ಲಿಷಿನದು, ವಿವರಣೆ ಮಲಯಾಳದ್ದು. ಪೇಟೆಯ ಮಲಯಾಳ ಅವನಿಗೆ ಬರುತ್ತಿತ್ತು. ತೆಂಕಣ ಜಿಲ್ಲೆಯಿಂದ ಬಂದ ಅಧ್ಯಾಪಕರ ವೇಗದ ಮಾತು ಹಿಡಿಯುತ್ತಿರಲಿಲ್ಲ. ನಾಲ್ಕು ತಿಂಗಳಲ್ಲಿ ಮನೆಯಲ್ಲೂ ಮಾತು ನಿಂತಿತು. ಊಟದ ತಟ್ಟೆಯನ್ನು ಕೋಣೆಗೆ ಒಯ್ಯತೊಡಗಿದ. ತಾಯಿ ಜೋಯಿಸರಲ್ಲಿ ಪ್ರಶ್ನೆ ಇಡಿಸಿದ್ದರು. ತಂದೆ, ಓದು ಬಿಡಿಸಿ ಮಂಗಳೂರಿನ ಅಂಗಡಿಯೊಂದಕ್ಕೆ ಕಳಿಸುವುದೆಂದು ತೀರ್ಮಾನಿಸಿಯಾಗಿತ್ತು.

ಆಗ ನಾನು ಏರನ್ ಬೆಕ್ ಅವರ ಕ್ರಮವನ್ನು ಕಲಿಯುತ್ತಿದ್ದೆ. ಮನೋವಿಶ್ಲೇಷಣೆಯಲ್ಲಿ ಪಳಗಿದ್ದ ಬೆಕ್, 1960ರ ದಶಕದಲ್ಲಿ ಖಿನ್ನತೆಯ ರೋಗಿಗಳಲ್ಲಿ ಒಂದನ್ನು ಕಂಡರು: ಯಾವುದೋ ಘಟನೆ ನಡೆದೊಡನೆ ತಮ್ಮನ್ನೇ ಹೀಗಳೆಯುವ ಒಂದು ಯೋಚನೆ ತಾನಾಗಿ ಹೊಳೆದು ಹೋಗುತ್ತದೆ. ಅದನ್ನು ಹಿಡಿದು, ಕಾಗದದಲ್ಲಿ ಬರೆದು, ಪರ ವಿರೋಧದ ಸಾಕ್ಷ್ಯಗಳನ್ನು ತೂಗಿ ನೋಡಬೇಕು. ಹುಡುಗ "ನಾನು ದಡ್ಡ" ಎಂದು ಬರೆದ. ಆ ಹಾಳೆಯನ್ನು ನೋಡಿದ ನಮ್ಮ ಮಾರ್ಗದರ್ಶಿ, ಮಲಯಾಳಿ ಅಧ್ಯಾಪಿಕೆ, ಒಂದೇ ಪ್ರಶ್ನೆ ಕೇಳಿದರು: "ಈ ಮಾತು ಅವನಿಗೆ ಯಾವ ಭಾಷೆಯಲ್ಲಿ ಹೊಳೆಯುತ್ತದೆ?"

ಮುಂದಿನ ವಾರ ಅವನನ್ನೇ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದ. "ಮಲಯಾಳದಲ್ಲಿ ಮಾಷ್ಟ್ರೇ. ಮಂಡನ್ ಅಂತ." ಮೊದಲ ವಾರವೇ ಯಾರೋ ತಮಾಷೆಗೆ ಹಾಗೆಂದಿದ್ದರಂತೆ. ಆ ಮೇಲೆ ತರಗತಿಯಲ್ಲಿ ಎಲ್ಲರೂ ನಗುವಾಗ, ಏಕೆಂದು ತಿಳಿಯದೆ ಕುಳಿತಾಗಲೆಲ್ಲ ಅದೇ ಶಬ್ದ ಬರುತ್ತಿತ್ತು. "ಕನ್ನಡದಲ್ಲಿ?" ಎಂದೆ. "ಕನ್ನಡದಲ್ಲಿ ನನ್ನನ್ನು ಯಾರೂ ಹಾಗೆ ಕರೆದದ್ದಿಲ್ಲ" ಎಂದು ಮೊದಲ ಬಾರಿಗೆ ಮುಖ ಎತ್ತಿದ.

ಅಂದು ಎರಡು ಸಂಗತಿಗಳು ಬೇರೆಯಾದವು. "ನಾನು ದಡ್ಡ" ಎಂಬುದಕ್ಕೆ ಸಾಕ್ಷ್ಯ ಇರಲಿಲ್ಲ; ಅದು ಮನಸ್ಸು ಹೆಣೆದದ್ದು. "ಪಾಠ ನನಗೆ ಅರ್ಥವಾಗುವುದಿಲ್ಲ" ಎಂಬುದು ಮಾತ್ರ ನಿಜ. ನಿಜವನ್ನು ಯೋಚನೆ ತಿದ್ದಿ ಹೋಗಲಾಡಿಸಲಾಗದು. ಯೋಚನೆ ನಿಜವಾಗಿದ್ದರೆ ಸಮಸ್ಯೆಯನ್ನೇ ಬಿಡಿಸಬೇಕೆಂದು ಈ ಕ್ರಮದಲ್ಲೇ ಹೇಳಿದೆ. ಹುಡುಗ ಒಪ್ಪಿದ ಮೇಲೆ ಅಧ್ಯಾಪಕರನ್ನು ಕಂಡೆವು. ಅವರು ಸಂತೋಷದಿಂದಲೇ ಮುಂದಿನ ಬೆಂಚಿನಲ್ಲಿ ಕೂರಿಸಿಕೊಂಡರು. ಮಲಯಾಳಿ ಸಹಪಾಠಿಯೊಬ್ಬ ಸಂಜೆ ಜತೆಗೆ ಓದಿದ. ಇಂಗ್ಲಿಷ್, ಮಲಯಾಳ, ಕನ್ನಡ ಎಂದು ಮೂರು ಸಾಲಿನ ಪದಗಳ ಪುಸ್ತಕವೊಂದು ತಯಾರಾಯಿತು. ಒಂದು ವರ್ಷದ ಅವಕಾಶ ಕೊಡಿ ಎಂದು ತಂದೆಯವರನ್ನು ಹುಡುಗನೇ ಕೇಳಿಕೊಂಡ. ಭೌತಶಾಸ್ತ್ರದಲ್ಲಿ ಕಷ್ಟದಿಂದ ತೇರ್ಗಡೆಯಾದ ಅಷ್ಟೆ. ಆದರೆ ತಟ್ಟೆ ಮರಳಿ ಅಡುಗೆಮನೆಗೆ ಬಂತೆಂದು ತಾಯಿ ಹೇಳಿದರು.

ಎಲ್ಲವೂ ಮಾತಿನಿಂದ ಆಗುತ್ತದೆಂದು ನಾನು ಹೇಳಲಾರೆ. ಸಾಯಬೇಕೆನ್ನುವವರನ್ನು, ನಿದ್ದೆ ಆಹಾರ ಬಿಟ್ಟವರನ್ನು, ಇಲ್ಲದ ದನಿ ಕೇಳುವವರನ್ನು ಮನೋವೈದ್ಯರಲ್ಲಿಗೆ ಕರೆದೊಯ್ಯಲೇಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಫೋನ್ ಮಾಡಬಹುದು. ಕನ್ನಡವೂ ಇದೆ, ಮಲಯಾಳವೂ ಇದೆ.

1956ರ ನವೆಂಬರ್ 1ರಂದು ಗಡಿ ಬದಲಾಯಿತು. ಅಂದಿನಿಂದ ನಮ್ಮ ಮಕ್ಕಳು ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಕಚೇರಿಯಲ್ಲಿ ಒಂದು ಭಾಷೆಯಲ್ಲಿ ಬಾಳುತ್ತಿದ್ದಾರೆ. ಅದರಲ್ಲಿ ಸಿರಿವಂತಿಕೆಯೂ ಇದೆ, ಆಯಾಸವೂ ಇದೆ. ಮಗು ಮಂಕಾಗಿದ್ದರೆ "ಓದು" ಎನ್ನುವ ಮೊದಲು "ಶಾಲೆಯಲ್ಲಿ ಹೇಳಿದ್ದು ಅರ್ಥವಾಗುತ್ತದೆಯಾ?" ಎಂದು ಮನೆಮಾತಿನಲ್ಲಿ ಕೇಳೋಣ. ಕೇಳಿದ ಮೇಲೆ ಉತ್ತರ ಬರುವ ತನಕ ಪಕ್ಕದಲ್ಲಿ ಕುಳಿತಿರೋಣ. ಇಷ್ಟಕ್ಕೆ ತರಬೇತಿಯ ಅಗತ್ಯವಿಲ್ಲ.