ಕಾಯುವುದನ್ನು ಬರೆಯುವುದು ಹೇಗೆ?

ಕಮೊಡೋರ್ 64 ಕಂಪ್ಯೂಟರ್ ಮಾರುಕಟ್ಟೆಗೆ ಬಂದದ್ದು 1982ರಲ್ಲಿ, ಅದರ ತಯಾರಿಕೆ ನಿಂತದ್ದು 1994ರಲ್ಲಿ. ನಾನು ಹುಟ್ಟಿದ್ದು ಅದಾದ ಮೇಲೆ. ಆದರೂ ಈಚಿನ ನನ್ನ ಸಂಜೆಗಳೆಲ್ಲ ಅದರ ಜೊತೆಗೇ ಕಳೆಯುತ್ತಿವೆ. ನನ್ನ ಪಿಎಚ್.ಡಿ. ವಿಷಯ ಕೈಪಿಡಿಗಳ ಭಾಷೆ. ಅದರ ನಡುವೆ ಇನ್ನೊಂದು ಕೆಲಸ ಹತ್ತಿಕೊಂಡಿದೆ. ಎಐ ಏಜೆಂಟುಗಳು ಈ ಹಳೆಯ ಯಂತ್ರವನ್ನು ನಡೆಸಲು ಬಳಸುವ ಸಣ್ಣ ಸಣ್ಣ ಸಾಫ್ಟ್‌ವೇರ್ ಉಪಕರಣಗಳಿಗೆ ನಾನು ವಿವರಣೆ ಬರೆಯುತ್ತಿದ್ದೇನೆ.

ಏಜೆಂಟ್ ಎಂದರೆ ಉತ್ತರ ಹೇಳಿ ಸುಮ್ಮನಾಗುವ ಚಾಟ್‌ಬಾಟ್ ಅಲ್ಲ. ವಹಿಸಿದ ಕೆಲಸವನ್ನು ಒಂದೊಂದೇ ಹೆಜ್ಜೆಯಾಗಿ ಮಾಡಿ, ಏನಾಯಿತೆಂದು ನೋಡಿ, ಮುಂದಿನದನ್ನು ತಾನೇ ನಿರ್ಧರಿಸುತ್ತದೆ. ಅದಕ್ಕೆ ಕೈಯಿಲ್ಲ, ಕಣ್ಣಿಲ್ಲ. ‘ಕೀಲಿ ಒತ್ತುವುದು’, ‘ಪರದೆ ಓದುವುದು’, ‘ಡಿಸ್ಕ್ ಹಾಕುವುದು’ ಎಂಬ ಉಪಕರಣಗಳನ್ನು ನಾವೇ ಕೊಡಬೇಕು. ಇದಕ್ಕೊಂದು ಸಾಮಾನ್ಯ ಕ್ರಮವಿರಲಿ ಎಂದು 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಪ್ರಕಟಿಸಿತು. ಅದರಲ್ಲಿ ಪ್ರತಿ ಉಪಕರಣಕ್ಕೂ ಒಂದು ಹೆಸರು, ಒಂದು ವಿವರಣೆ ಇರುತ್ತದೆ. ಯಾವುದನ್ನು ಯಾವಾಗ ಬಳಸಬೇಕೆಂದು ಏಜೆಂಟ್ ತೀರ್ಮಾನಿಸುವುದು ಆ ವಿವರಣೆ ಓದಿಯೇ. ಅಂದರೆ ನಾನು ಬರೆಯುವ ವಾಕ್ಯ ಯಂತ್ರದ ಬಗ್ಗೆ ಹೇಳಿ ಮುಗಿಯುವುದಿಲ್ಲ, ಯಂತ್ರವನ್ನು ನಡೆಸುತ್ತದೆ.

ಪರದೆ ಓದುವುದು ಸುಲಭ ಅನ್ನಿಸುತ್ತದೆ. ಸಾಲಿಗೆ 40 ಅಕ್ಷರದಂತೆ 25 ಸಾಲು, ಒಟ್ಟು 1000 ಅಕ್ಷರ. ಇವು ಸಾಮಾನ್ಯವಾಗಿ ಮೆಮೊರಿಯ 1024ನೇ ವಿಳಾಸದಿಂದ 2023ರವರೆಗೆ ಕೂತಿರುತ್ತವೆ. ಫೋಟೋ ತೆಗೆಯಬೇಕಿಲ್ಲ, ಸಾವಿರ ಸಂಖ್ಯೆಗಳನ್ನು ಓದಿದರಾಯಿತು. ಆದರೆ ಇಂದಿನ ಕಂಪ್ಯೂಟರುಗಳಲ್ಲಿ 65 ಆಗಿರುವ ‘ಎ’ ಅಲ್ಲಿ 1. ಇದನ್ನು ಹೇಳದಿದ್ದರೆ ಓದಿದ್ದೆಲ್ಲ ಗೊಂದಲ.

ಟೈಪ್ ಮಾಡುವುದು ಇನ್ನೂ ಸೂಕ್ಷ್ಮ. ಒತ್ತಿದ ಕೀಲಿಗಳನ್ನು ಈ ಯಂತ್ರ 631ನೇ ವಿಳಾಸದಿಂದ ಸಾಲಾಗಿ ಕೂಡಿಟ್ಟುಕೊಳ್ಳುತ್ತದೆ. ಅಲ್ಲಿ ಹಿಡಿಸುವುದು ಹತ್ತೇ ಅಕ್ಷರ. ಮನುಷ್ಯರ ಬೆರಳಿಗೆ ಅಷ್ಟು ಸಾಕು. ಏಜೆಂಟ್‌ಗೋ, ಇಡೀ ಪ್ರೋಗ್ರಾಂ ಒಂದೇ ಉಸಿರಿಗೆ ಸುರಿಯುವ ಆತುರ. ‘ಒಮ್ಮೆಗೆ ಹತ್ತೇ ಅಕ್ಷರ ಕಳಿಸು. 198ನೇ ವಿಳಾಸದ ಎಣಿಕೆ ಸೊನ್ನೆಯಾದ ಮೇಲೆ ಮುಂದಿನದು’ ಎಂದು ಬರೆದೆ. ಕೊನೆಯ ವಿವರಣೆ ಇಂಗ್ಲಿಷಿನಲ್ಲಿದ್ದರೂ ನನ್ನ ಮೊದಲ ಕರಡು ಕನ್ನಡದ್ದೇ. ಹಾಗಾಗಿ ಅದನ್ನು ‘ನೀನು’ ಅನ್ನಬೇಕೋ ‘ನೀವು’ ಅನ್ನಬೇಕೋ ಎಂಬ ಪ್ರಶ್ನೆಯೂ ಎದುರಾಯಿತು. ಮಕ್ಕಳಿಗೆ ಹೇಳಿಕೊಡುವಂತೆ ‘ನೀನು’ ಎಂದೇ ಇಟ್ಟುಕೊಂಡೆ.

ಎಲ್ಲಕ್ಕಿಂತ ಕಷ್ಟವಾದದ್ದು ‘ಕಾಯಿ’ ಎಂದು ಹೇಳುವುದು. ಈ ಕಂಪ್ಯೂಟರಿನ 1541 ಡಿಸ್ಕ್ ಡ್ರೈವ್‌ನ ವೇಗ ಸೆಕೆಂಡಿಗೆ ಐನೂರು ಬೈಟನ್ನೂ ಮುಟ್ಟುವುದಿಲ್ಲ. ಲೋಡ್ ಎಂದು ಹೊಡೆದು ಕಾಫಿ ಕುಡಿದು ಬರಬಹುದು. ಎಷ್ಟು ಹೊತ್ತು ಅನ್ನುವುದು ಆಯಾ ಪ್ರೋಗ್ರಾಮಿನ ಗಾತ್ರಕ್ಕೆ ಬಿಟ್ಟದ್ದು. ನಮ್ಮ ಅಡುಗೆಮನೆಗಳಲ್ಲಿ ಇದಕ್ಕೆ ಉಪಾಯವಿದೆ. ಪಾಕವನ್ನು ಇಷ್ಟು ನಿಮಿಷ ಕಾಯಿಸು ಅನ್ನುವುದಿಲ್ಲ, ಒಂದೆಳೆ ಬರುವವರೆಗೆ ಅನ್ನುತ್ತಾರೆ. ಗಡಿಯಾರವಲ್ಲ, ಗುರುತು ಮುಖ್ಯ. ಇಲ್ಲಿನ ಗುರುತು ಪರದೆಯ ಮೇಲೆ ಮೂಡುವ ‘ರೆಡಿ’ ಎಂಬ ಪದ. ಆದರೆ ಲೋಡ್ ಹೊಡೆಯುವ ಮೊದಲೇ ಪರದೆಯಲ್ಲೊಂದು ಹಳೆಯ ‘ರೆಡಿ’ ಇರುತ್ತದೆ! ನಮ್ಮ ಕಣ್ಣು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಏಜೆಂಟ್‌ಗೆ ಹೇಳಬೇಕು: ‘ಲೋಡ್ ಸಾಲಿನ ಕೆಳಗೆ ಹೊಸದಾಗಿ ಬಂದ ರೆಡಿಯನ್ನು ಮಾತ್ರ ನಂಬು.’

“ಇದನ್ನೆಲ್ಲ ಯಾರು ಓದ್ತಾರೆ?” ಎಂದು ನನ್ನ ಗೈಡ್ ಮೇಡಂ ಕೇಳಿದರು. ಕೀಲಿ ಒತ್ತಲು ಯಂತ್ರವೇ ಬಂದಮೇಲೆ ಮನುಷ್ಯರು ಯಾಕೆ ಕಲಿಯಬೇಕು ಎಂಬುದು ಆ ಪ್ರಶ್ನೆಯೊಳಗಿನ ಪ್ರಶ್ನೆ. ಅದು ಸುಳ್ಳಲ್ಲ. ಆದರೆ 1982ರಲ್ಲಿ ಇಪ್ಪತ್ತರ ವಯಸ್ಸಿನವರಾಗಿದ್ದವರು ಈಗ ಅರವತ್ತು ದಾಟಿದ್ದಾರೆ. ಅವರು ಕಲಿತದ್ದರಲ್ಲಿ ಎಷ್ಟೋ ಇರುವುದು ಕೈಪಿಡಿಯಲ್ಲಲ್ಲ, ಬೆರಳಿನಲ್ಲಿ. ತಮಗೆ ಗೊತ್ತಿದೆ ಎಂಬುದೇ ಅವರಿಗೆ ಮರೆತಿರುತ್ತದೆ. ಏನೂ ಊಹಿಸಿಕೊಳ್ಳಲಾರದ ಓದುಗ ಎದುರಿಗಿದ್ದಾನೆ ಎಂದುಕೊಂಡಾಗ ಮಾತ್ರ ಹೇಳದೆ ಉಳಿದದ್ದೆಲ್ಲ ಕಾಗದಕ್ಕೆ ಇಳಿಯುತ್ತದೆ. ಆ ಯಂತ್ರವನ್ನು ಎಂದೂ ಮುಟ್ಟದ ನನ್ನ ವಯಸ್ಸಿನವರೂ ಅಂಥದೇ ಓದುಗರು. ಏಜೆಂಟ್‌ಗೆಂದು ಬರೆದದ್ದು ನಮಗೂ ಆಗುತ್ತದೆ.

ಒಂದು ವಿವರಣೆಯನ್ನು ಮಾತ್ರ ಮತ್ತೆ ಮತ್ತೆ ತಿದ್ದುತ್ತಿದ್ದೇನೆ. ಅದು ಇದೇ ಕಂಪನಿ ಇನ್ನೂ ಮೊದಲು, 1977ರಲ್ಲಿ ತಂದ ಪೆಟ್ ಎಂಬ ಕಂಪ್ಯೂಟರಿನದು. ಪರದೆಯ ಮೇಲೆ ಬೇಗ ಅಕ್ಷರ ಮೂಡಿಸಲು ಅದರ ಬಳಕೆದಾರರು ಒಂದು ‘ಪೋಕ್’ ಆದೇಶ ಕಂಡುಕೊಂಡಿದ್ದರು. ಕಂಪನಿ ಮುಂದೆ ಪರದೆಯ ಸರ್ಕ್ಯೂಟ್ ಬದಲಿಸಿತು. ಹೊಸ ಮಾದರಿಗಳಲ್ಲಿ ಅದೇ ಆದೇಶದಿಂದ ಪರದೆಗೇ ಹಾನಿಯಾಗಬಹುದಿತ್ತು. ಅದಕ್ಕೆ ‘ಕಿಲ್ಲರ್ ಪೋಕ್’ ಎಂಬ ಹೆಸರೇ ಬಿತ್ತು. ಎಮ್ಯುಲೇಟರ್‌ನಲ್ಲಾದರೆ ಹಾಳಾಗಲು ಪರದೆಯೇ ಇಲ್ಲ. ನಿಜವಾದ ಪೆಟ್ ಹಾಳಾದರೆ ಬದಲಿ ತರುವುದು ಎಲ್ಲಿಂದ? ಹಳೆಯ ಬರಹಗಳನ್ನೆಲ್ಲ ಓದಿಕೊಂಡ ಏಜೆಂಟ್‌ಗೆ ಆ ಆದೇಶ ಗೊತ್ತಿರಬಹುದು. ಎದುರಿಗಿರುವುದು ಯಾವ ಮಾದರಿ ಎಂಬುದು ಗೊತ್ತಿಲ್ಲದಿರಬಹುದು. ಸದ್ಯಕ್ಕೆ ಅಲ್ಲಿ ಬರೆದಿರುವುದು ಇಷ್ಟು: ‘ಯಂತ್ರದ ಮಾದರಿ ಖಚಿತವಾಗದೆ ಈ ವಿಳಾಸ ಮುಟ್ಟಬೇಡ. ನಿಲ್ಲು. ಪಕ್ಕದಲ್ಲಿರುವ ಮನುಷ್ಯರನ್ನು ಕೇಳು.’