ಹರಿದ ರೆಕ್ಕೆಯ ಚಿಟ್ಟೆಗಳು, ಬೊರಿವಲಿ ಪೂರ್ವ

ಮುಂಬಯಿಯವರು ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವುದು ಚಿರತೆ ಕಂಡೀತೆಂಬ ಆಸೆಯಿಂದ, ಇಲ್ಲವೇ ಕಾನ್ಹೇರಿ ಗುಹೆ ನೋಡಲು. ಸ್ಟೇಷನ್ನಿನಿಂದ ಪೂರ್ವಕ್ಕೆ ನಡೆದೇ ಹೋಗಬಹುದು. ಗೇಟಿನೊಳಗೆ ಸುಮಾರು 104 ಚದರ ಕಿಲೋಮೀಟರ್ ಕಾಡು. ನಾನು ಹೋಗುವುದು ಹುಳುಗಳಿಗಾಗಿ, ಅದರಲ್ಲೂ ಮಳೆ ಹಿಂದೆ ಸರಿಯುವ ಅಕ್ಟೋಬರಿನಲ್ಲಿ. ಆ ಹೊತ್ತಿಗೆ ಮುಕ್ಕಾಗದ ಚಿಟ್ಟೆ ಸಿಗುವುದು ಕಷ್ಟ.

ಕ್ಯಾಮೆರಾ ಹಿಡಿದವರ ಗುಂಪಿನಲ್ಲಿ ಒಂದು ಮಾತು ಯಾವಾಗಲೂ ಕೇಳುತ್ತದೆ: "ಇದು ಹರಿದಿದೆ ಬಿಡಿ, ಮುಂದೆ ಒಳ್ಳೇದು ಸಿಗುತ್ತೆ." ಸೀರೆ ಅಂಗಡಿಯ ಮಾತು. ಚಿಟ್ಟೆಯ ರೆಕ್ಕೆ ಮತ್ತೆ ಬೆಳೆಯುವುದಿಲ್ಲ, ಉದುರಿದ ಹುಡಿಯೂ ಮರಳಿ ಬರುವುದಿಲ್ಲ. ಹಾಗಾಗಿ ಅದು ಬದುಕಿದ ದಿನಗಳ ಲೆಕ್ಕವೆಲ್ಲ ರೆಕ್ಕೆಯ ಮೇಲೇ ಇರುತ್ತದೆ. ಎರಡೂ ಬದಿಯ ರೆಕ್ಕೆಗಳಲ್ಲಿ ಒಂದೇ ಜಾಗದಲ್ಲಿ, ಒಂದೇ ಆಕಾರದ ತುಂಡು ಹೋಗಿದ್ದರೆ, ಅದು ರೆಕ್ಕೆ ಮಡಿಸಿ ಕೂತಿದ್ದಾಗ ಹಕ್ಕಿ ಕಚ್ಚಿದ್ದಿರಬೇಕು. ಒಂದೇ ಬದಿ ಅಡ್ಡಾದಿಡ್ಡಿ ಸೀಳಿದ್ದರೆ ಮುಳ್ಳೂ ಇರಬಹುದು. ಕಾಮನ್ ಸಿಲ್ವರ್‌ಲೈನ್‌ನಂಥ ಪುಟ್ಟ ಚಿಟ್ಟೆಗಳಿಗೆ ಹಿಂದಿನ ರೆಕ್ಕೆಯ ತುದಿಯಲ್ಲಿ ಎಳೆಯಂಥ ಬಾಲ, ಪಕ್ಕದಲ್ಲೊಂದು ಬಣ್ಣದ ಮಚ್ಚೆ. ಹಲ್ಲಿಗೋ ಜೇಡಕ್ಕೋ ಅದೇ ತಲೆಯೆಂಬ ಭ್ರಮೆ. ಬಾಲದ ಜಾಗವೇ ಕಿತ್ತುಹೋದ ಸಿಲ್ವರ್‌ಲೈನ್ ಕಂಡರೆ, ಆ ಮೋಸ ಫಲಿಸಿದೆ ಎಂದರ್ಥ. ಇನ್ನು ಬ್ಲೂ ಟೈಗರ್, ಕಾಮನ್ ಕ್ರೋ ಚಿಟ್ಟೆಗಳ ಮೈಯಲ್ಲಿ ವಿಷ, ಚರ್ಮವೂ ಗಟ್ಟಿ. ಹಕ್ಕಿ ರುಚಿ ನೋಡಿ ಉಗಿದರೆ ಕೊಕ್ಕಿನ ಗುರುತು ಹೊತ್ತೇ ಹಾರಿಹೋಗುತ್ತವೆ. ಇಂಥ ಚಿತ್ರವನ್ನು ಅಳಿಸಿ, ಅಂಗಡಿಯಿಂದ ಈಗ ತಾನೇ ತಂದಂತಿರುವ ಚಿಟ್ಟೆಯನ್ನು ಮಾತ್ರ ಉಳಿಸಿಕೊಳ್ಳುವುದು ನನಗಂತೂ ನಷ್ಟದ ವ್ಯಾಪಾರವಾಗಿ ಕಾಣುತ್ತದೆ.

ಕಾಲುದಾರಿಗೆ ಅಡ್ಡವಾಗಿ ಬಲೆ ಕಟ್ಟುವ ದೊಡ್ಡ ಜೈಂಟ್ ವುಡ್ ಜೇಡಗಳೂ ಈ ಕಾಲದವೇ. ಎಣಿಸಿದರೆ ಕೆಲವಕ್ಕೆ ಏಳೇ ಕಾಲು, ಕೆಲವಕ್ಕೆ ಆರು. ಜೇಡ ಅಪಾಯದಲ್ಲಿ ಕಾಲನ್ನು ತಾನೇ ಕಳಚಿಕೊಳ್ಳುತ್ತದೆ. ಮರಿಯಾಗಿದ್ದರೆ ಮುಂದಿನ ಸಲ ಪೊರೆ ಬಿಡುವಾಗ ಸಣ್ಣದೊಂದು ಕಾಲು ಮತ್ತೆ ಬರುತ್ತದೆ. ಪೊರೆ ಬಿಡುವ ವಯಸ್ಸು ದಾಟಿದ್ದರೆ ಇಲ್ಲ. ಆರು ಕಾಲಿನವಳೂ ಬಲೆ ನೇಯ್ದು ಊಟ ಸಂಪಾದಿಸುತ್ತಿರುತ್ತಾಳೆ.

ಗಾಯದ ಜೀವಿ ಅಲುಗಾಡದು, ಆದ್ದರಿಂದ ಫೋಟೋ ತೆಗೆಯುವುದು ಸುಲಭ. ಕಷ್ಟ ಇರುವುದೂ ಇಲ್ಲೇ. ಹುಳುವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ಕೊಂಬೆ ಮೇಲೆ ಕೂರಿಸಿ ತೆಗೆಯುವವರಿದ್ದಾರೆ. ಅಂಟು ಹಚ್ಚುವವರೂ ಇದ್ದಾರೆ. ಅವರ ಚಿತ್ರ ಎಷ್ಟೇ ಚೂಪಾಗಿದ್ದರೂ ಹೊಗಳಲು ನನಗೆ ಬಾಯಿ ಬರುವುದಿಲ್ಲ. ನಾನು ಇಟ್ಟುಕೊಂಡಿರುವ ಪದ್ಧತಿ ಇಷ್ಟು: ಮುಟ್ಟುವುದಿಲ್ಲ, ಎಲೆ ಕಡ್ಡಿ ಮುರಿಯುವುದಿಲ್ಲ, ನೂರು ಮಿಲಿಮೀಟರಿನ ಮ್ಯಾಕ್ರೋ ಲೆನ್ಸಿನಲ್ಲಿ ದೂರದಿಂದಲೇ ನಾಲ್ಕೈದು ಚಿತ್ರ, ಆಮೇಲೆ ಜಾಗ ಖಾಲಿ. ಕಾಪಾಡಲೂ ಹೋಗುವುದಿಲ್ಲ. ಬಲೆಯಿಂದ ಚಿಟ್ಟೆ ಬಿಡಿಸಿದರೆ ಜೇಡದ ತಟ್ಟೆಯಿಂದ ಅನ್ನ ಕಸಿದಂತೆ. ಕಾನ್ಹೇರಿಗೆ ಹೋಗುವ ಡಾಂಬರು ರಸ್ತೆಯಲ್ಲಿ ಮಾತ್ರ ಈ ನಿಯಮಕ್ಕೆ ರಜೆ. ಅಲ್ಲಿ ಏಡಿಯನ್ನೋ ಸಹಸ್ರಪದಿಯನ್ನೋ (ನಮ್ಮ ಕಡೆ ಚೋರಟೆ) ಚಕ್ರ ಅರೆಯುವುದು ಕಾಡಿನ ಕೆಲಸವಲ್ಲ, ನಮ್ಮದು. ಎಲೆಯ ಮೇಲೆ ಹತ್ತಿಸಿಕೊಂಡು, ಅದು ಹೊರಟಿದ್ದ ಬದಿಗೇ ದಾಟಿಸುತ್ತೇನೆ. ಬಂದ ಬದಿಗೆ ಬಿಟ್ಟರೆ ಪುನಃ ರಸ್ತೆಗೇ ಇಳಿಯುತ್ತದೆ.

ಅಟ್ಲಾಸ್ ಪತಂಗ ಕಂಡರೆ ಮಾತ್ರ ಹೆಚ್ಚು ಹೊತ್ತು ನಿಲ್ಲುತ್ತೇನೆ. ಅಂಗೈಗಿಂತ ದೊಡ್ಡ ರೆಕ್ಕೆ, ಆದರೆ ತಿನ್ನಲು ಬಾಯಿಲ್ಲ. ಕಂಬಳಿಹುಳುವಾಗಿದ್ದಾಗ ತಿಂದದ್ದೇ ಬಂಡವಾಳ. ಕೆಲವೇ ದಿನ ಬದುಕು, ಅಷ್ಟರಲ್ಲೇ ರೆಕ್ಕೆಯ ಅಂಚು ಚಿಂದಿ.

ಚಿತ್ರಗಳನ್ನು ಐನ್ಯಾಚುರಲಿಸ್ಟ್ ತಾಣಕ್ಕೆ ಹಾಕುತ್ತೇನೆ. ಅಲ್ಲಿ ಚೂಪು, ಅಂದ ಯಾರೂ ಕೇಳುವುದಿಲ್ಲ; ಎಲ್ಲಿ, ಯಾವತ್ತು ಎಂಬುದಿದ್ದರೆ ಚಕ್ರಕ್ಕೆ ಸಿಕ್ಕ ಏಡಿಯೂ ಒಂದು ದಾಖಲೆ. ಜೀವಂತವೋ ಸತ್ತದ್ದೋ ಎಂದು ಗುರುತು ಹಾಕಲು ಜಾಗವಿದೆ. ಕಳೆದ ವಾರ ಇರುವೆಗಳು ಎಳೆದೊಯ್ಯುತ್ತಿದ್ದ ಪತಂಗದ ಮೀಸೆ ಇನ್ನೂ ಅಲುಗುತ್ತಿತ್ತು. ಜೀವಂತ ಎಂದು ಹಾಕಿದೆ.