ಇನ್ನೊಮ್ಮೆ ಪ್ರಯತ್ನಿಸಿ

ನಮ್ಮ ಅಜ್ಜಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಇರೋದು ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ. ಮೂರು ವರ್ಷದ ಹಿಂದೆ ಊರಿನ ಶಾಲೆಯಲ್ಲಿ ಕಣ್ಣಿನ ಶಿಬಿರ ನಡೆಯಿತು. ಕಣ್ಣಿನೊಳಗಿನ ಫೋಟೋ ತೆಗೆದರೆ ಕಂಪ್ಯೂಟರೇ ಅಲ್ಲೇ ಫಲಿತಾಂಶ ಹೇಳುತ್ತದಂತೆ ಅಂದಾಗ ಸಾಫ್ಟ್‌ವೇರ್ ಎಂಜಿನಿಯರ್ ಆದ ನನಗೆ ಒಳಗೊಳಗೇ ಹೆಮ್ಮೆ. ಬೆಂಗಳೂರಿನಿಂದ ಫೋನ್ ಮಾಡಿ "ಹೋಗಿ ಬಾ ಅಜ್ಜಿ" ಅಂದೆ.

ಅಜ್ಜಿಯ ಸರದಿ ಬಂದಾಗ ಪರದೆಯ ಮೇಲೆ ಮೂಡಿದ್ದು ಇಷ್ಟೇ: "ಚಿತ್ರ ಸ್ಪಷ್ಟವಿಲ್ಲ, ಇನ್ನೊಮ್ಮೆ ಪ್ರಯತ್ನಿಸಿ." ಮೂರು ಸಲ ತೆಗೆದರೂ ಅದೇ. ಕಣ್ಣಿಗೆ ಪೊರೆ ಬೇರೆ ಬರುತ್ತಿತ್ತು. ಕೊನೆಗೆ ಹಾಸನದಲ್ಲಿ ತೋರಿಸಿ ಎಂದು ಚೀಟಿ ಕೊಟ್ಟು ಕಳಿಸಿದರು. ಅಜ್ಜಿ ಹೋಗಲಿಲ್ಲ. "ಹಸು ಯಾರು ನೋಡ್ಕೋತಾರೆ? ನಂಗೆ ಕಣ್ಣು ಚೆನ್ನಾಗೇ ಕಾಣ್ತದೆ ಬಿಡು" ಅಂದಳು. ನಾನೂ ಸುಮ್ಮನಾದೆ.

ಈ ಕಾಯಿಲೆಯ ಮೋಸವೇ ಅದು. ಹೆಚ್ಚಾದ ಸಕ್ಕರೆ ಕಣ್ಣಿನ ಹಿಂಭಾಗದ ಸಣ್ಣ ರಕ್ತನಾಳಗಳನ್ನು ಹಾಳು ಮಾಡುತ್ತಾ ಹೋದರೂ ಶುರುವಿನಲ್ಲಿ ನೋವಿಲ್ಲ, ಮಂಜೂ ಇಲ್ಲ. ಕಳೆದ ವರ್ಷ ಅಜ್ಜಿಯ ಎಡಗಣ್ಣಿನೊಳಗೆ ರಕ್ತಸ್ರಾವವಾಯಿತು. ಲೇಸರ್, ಇಂಜೆಕ್ಷನ್ ಎಲ್ಲ ಆಯ್ತು. ದೃಷ್ಟಿ ಮಾತ್ರ ಪೂರ್ತಿ ಮರಳಲಿಲ್ಲ.

ಹಾಗಂತ ತಂತ್ರಜ್ಞಾನ ಸುಳ್ಳಲ್ಲ. 2016ರಲ್ಲಿ ಗೂಗಲ್ ಸಂಶೋಧಕರು 1,28,175 ಕಣ್ಣಿನ ಚಿತ್ರಗಳನ್ನು ತೋರಿಸಿ ಕಲಿಸಿದ ಪ್ರೋಗ್ರಾಂ, ಈ ಕಾಯಿಲೆಯನ್ನು ತಜ್ಞ ವೈದ್ಯರಷ್ಟೇ ಚೆನ್ನಾಗಿ ಗುರುತಿಸಿತು. ಭಾರತದ ಆಸ್ಪತ್ರೆಗಳ ಚಿತ್ರಗಳೂ ಅದರಲ್ಲಿದ್ದವು. ಕಣ್ಣಿನ ಡಾಕ್ಟರೇ ಇಲ್ಲದ ಊರುಗಳಿಗೆ ಇದು ದೊಡ್ಡ ವರ. ಆದರೆ ಅದೇ ಸಂಸ್ಥೆಯ ವ್ಯವಸ್ಥೆಯನ್ನು ಥಾಯ್ಲೆಂಡಿನ ಕ್ಲಿನಿಕ್‌ಗಳಲ್ಲಿ ಬಳಸಿದಾಗ ಸುಮಾರು ಐದರಲ್ಲಿ ಒಂದು ಚಿತ್ರ ತಿರಸ್ಕೃತವಾಯಿತು. ಕೋಣೆಯ ಬೆಳಕು ಸರಿಯಿರಲಿಲ್ಲ ಎಂಬಂಥ ಸಣ್ಣ ಕಾರಣಗಳು. ಅಂಥವರಿಗೆ ಇನ್ನೊಂದು ದಿನ, ಇನ್ನೊಂದು ಊರು. ಆ ವರದಿ ಓದುವಾಗ ನನಗೆ ಅಜ್ಜಿಯ ಚೀಟಿಯೇ ಕಣ್ಮುಂದೆ ಬಂತು.

ನಮ್ಮ ಕೆಲಸದಲ್ಲಿ 'ಇನ್ನೊಮ್ಮೆ ಪ್ರಯತ್ನಿಸಿ' ಅನ್ನೋದು ಒಂದು ಸಾಲಿನ ಕೋಡ್. ನಾನೇ ಎಷ್ಟು ಸಲ ಬರೆದಿದ್ದೀನೋ. ಅಜ್ಜಿಗೆ ಅದು ಎರಡು ಬಸ್ಸು, ಒಂದು ದಿನದ ಹಾಲು, ಜೊತೆಗೊಬ್ಬರು. ಚಿತ್ರ ಬಾರದವರ ಪಟ್ಟಿ ಮಾಡಿ ವಾರದೊಳಗೆ ಒಬ್ಬರು ವಿಚಾರಿಸಿದ್ದರೆ ಸಾಕಿತ್ತು. ಅದಕ್ಕೆ ದೊಡ್ಡ ಸಂಶೋಧನೆ ಬೇಡ. ಆ ಒಬ್ಬರು ನಾನೂ ಆಗಬಹುದಿತ್ತು.

ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆಯವರಿದ್ದರೆ, ಕಣ್ಣು ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ತೋರಿಸಿ. ಅಜ್ಜಿಯ ಬಲಗಣ್ಣಿನ ತಪಾಸಣೆಗೆ ಈಗ ನಾನೇ ರಜೆ ಹಾಕಿ ಕರೆದುಕೊಂಡು ಹೋಗ್ತೀನಿ. ಹಸು ನೋಡಿಕೊಳ್ಳೋಕೆ ಪಕ್ಕದ ಮನೆಯವರು ಒಪ್ಪಿದ್ದಾರೆ. ಕೇಳಿದ್ದರೆ ಅವತ್ತೂ ಒಪ್ಪುತ್ತಿದ್ದರು.